ಸಾಹೇಬರು ನೋಡಬೇಕಾದ ತೊಟ್ಟಿಲು

ಮೊನ್ನೆ ಬೀರು ಸರಿಸಿ ಗುಡಿಸುವಾಗ ಅದರ ಕಾಲಿನಡಿಯಿಂದ ನಾಲ್ಕು ಮಡಿಕೆಯ ರಟ್ಟೊಂದು ಹೊರಗೆ ಬಂತು. ನೆಲ ಸಮವಿಲ್ಲದ ಮನೆಯಲ್ಲಿ ಬೀರು ಕುಂಟದಿರಲೆಂದು ಏನನ್ನಾದರೂ ತುರುಕುವುದು ನನ್ನ ಹೆಂಡತಿಯ ಪದ್ಧತಿ. ಬಿಡಿಸಿ ನೋಡಿದರೆ ಕಪ್ಪು ಮಸಿಯಲ್ಲಿ ನನ್ನದೇ ದುಂಡು ಅಕ್ಷರ: ‘ಮುಟ್ಟಬಾರದು’. ಜಿರಲೆಗಳು ಮಾತ್ರ ಧಾರಾಳವಾಗಿ ಮುಟ್ಟಿದ್ದವು. ಅದನ್ನು ಕಂಡದ್ದೇ ತಡ, ಅಲ್ಲಿಯವರೆಗೆ ತಣ್ಣಗಿದ್ದ ನನ್ನ ತಲೆ ಕಾದ ಹೆಂಚಾಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಹಳಸಿಲ್ಲ ನೋಡಿ. ನಿಮಗೆ ಬಿಡುವಿದ್ದರೆ ಕೂತು ಕೇಳಿ. ಬಿಡುವಿಲ್ಲದಿದ್ದರೂ ಕೇಳಿ, ಏಕೆಂದರೆ ನಮ್ಮ ಮನೆಯಲ್ಲಿ ಈ ಕಥೆಗೆ ಕಿವಿ ಕೊಡುವವರು ಯಾರೂ ಉಳಿದಿಲ್ಲ.

ಮಂಡ್ಯಕ್ಕೆ ಆಗ ತಾನೂ ಒಂದು ಪಟ್ಟಣ ಎಂಬ ಅರಿವು ಹೊಸದಾಗಿ ಮೂಡಿತ್ತು. ನಾಲೆಯಲ್ಲಿ ನೀರು ಬಂದಿತ್ತು, ಸಕ್ಕರೆ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಬಂದಿತ್ತು, ಪೇಟೆಯ ಬೀದಿಗೆ ಕರೆಂಟಿನ ದೀಪ ಬಂದಿತ್ತು. ಇನ್ನು ಬರಬೇಕಾದದ್ದು ನಾಗರಿಕತೆ ಒಂದೇ ಎಂದು ನಮ್ಮ ಸುಬ್ಬರಾಯರಿಗೆ ಅನ್ನಿಸಿತು. ಸುಬ್ಬರಾಯರು ಕಂದಾಯ ಇಲಾಖೆಯ ನಿವೃತ್ತ ಶೇಕ್‌ದಾರರು. ಕೆಲಸದಿಂದ ನಿವೃತ್ತಿಯಾಗಿತ್ತೇ ಹೊರತು ಹುಕುಂ ಮಾಡುವುದರಿಂದ ಆಗಿರಲಿಲ್ಲ. “ಮೈಸೂರಿನಲ್ಲಿ ದಸರೆಗೆ ವಸ್ತುಪ್ರದರ್ಶನ ಮಾಡ್ತಾರೆ. ನಮಗೇನ್ರೀ ಕೊರತೆ?” ಎಂದರು. ತಾವೇ ಅಧ್ಯಕ್ಷರಾದರು. ಡ್ರಾಯಿಂಗ್ ಮೇಷ್ಟರಿಗೆ ಶಾಲೆಯಲ್ಲಿ ಕೆಲಸವಿರುವುದಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸತ್ಯವಾದ್ದರಿಂದ ನಾನು ಕಾರ್ಯದರ್ಶಿಯಾದೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಚಿತ್ರಗಳನ್ನೂ ಹಳೆಯ ಕಾಲದ ವಸ್ತುಗಳನ್ನೂ ಕಲೆಹಾಕಿ ನಮ್ಮ ಶಾಲೆಯ ಹಾಲಿನಲ್ಲಿ ಇಡುವುದು. ಮೈಸೂರಿನಿಂದ ಪ್ರಾಚ್ಯವಸ್ತುಗಳ ವಿಷಯ ತಿಳಿದ ದೊಡ್ಡ ಸಾಹೇಬರೊಬ್ಬರು ಬಂದು ನೋಡುವುದು. ಅವರು ಮೆಚ್ಚಿದರೆ ಪೇಟೆಯಲ್ಲಿ ಖಾಲಿ ಬಿದ್ದಿದ್ದ ಒಂದು ಕೊಠಡಿಯನ್ನು ಇಂಥ ವಸ್ತುಗಳಿಗೆಂದೇ ಶಾಶ್ವತವಾಗಿ ಬಿಟ್ಟುಕೊಡುವ ಮಾತಿತ್ತು. ಆ ಕೊಠಡಿಯ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ, ಕಿಟಕಿಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನೂ ತೀರ್ಮಾನಿಸಿಬಿಟ್ಟಿದ್ದೆ.

ನನಗೆ ಈ ಹುಚ್ಚು ಹಿಡಿದದ್ದು ಮದ್ದೂರಿನ ಸಂತೆಯಲ್ಲಿ. ನಾನು ಚಿಕ್ಕವನಿದ್ದಾಗ ಅಲ್ಲಿಗೆ ಒಬ್ಬ ತಗಡಿನ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಪೆಟ್ಟಿಗೆಗೆ ಗಾಜಿನ ಕಣ್ಣುಗಳು. ಅದಕ್ಕೆ ಮುಖವಿಟ್ಟರೆ ಒಳಗೆ ಚಿತ್ರಗಳು ಉರುಳುತ್ತಿದ್ದವು. ಗೆಜ್ಜೆ ಕುಣಿಸುತ್ತ ಅವನು “ಕಾಶಿ ನೋಡು, ಡಿಲ್ಲಿ ನೋಡು, ದಪ್ಪ ಹೆಂಗಸು ನೋಡು” ಎಂದು ಹಾಡುತ್ತಿದ್ದ. ನಾನು ಕಾಶಿಯಲ್ಲೇ ನಿಂತುಬಿಡುತ್ತಿದ್ದೆ, ಅವನು ಡಿಲ್ಲಿಗೆ ಹೋಗಿಬಿಡುತ್ತಿದ್ದ. ಇನ್ನೊಂದು ಚಣ ನಿಲ್ಲಿಸು ಎಂದರೆ ಕಿವಿ ಹಿಡಿದು ಪೆಟ್ಟಿಗೆಯಿಂದ ಕೀಳುತ್ತಿದ್ದ. ಯಾರೂ ಕಿವಿ ಹಿಡಿಯದೆ, ಎಷ್ಟು ಹೊತ್ತು ಬೇಕಾದರೂ ನಿಂತು ನೋಡುವಂಥ ಒಂದು ಜಾಗ ನಮ್ಮ ಕಡೆಯೂ ಇರಬೇಕು ಎಂಬುದು ಅವತ್ತಿನ ಆಸೆ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ತಪ್ಪಿದ್ದದ್ದು ನಮ್ಮ ಜನದಲ್ಲಿ. ಸೈಕಲ್ ತುಳಿದು ಊರೂರು ಸುತ್ತಿ “ಹಳೇ ಕಾಲದ್ದು ಏನಾದರೂ ಇದ್ದರೆ ಕೊಡಿ” ಎಂದು ಕೇಳಿದರೆ, ಮೂಲೆಯಲ್ಲಿ ಕೂತ ಅಜ್ಜನನ್ನು ತೋರಿಸಿ ನಗುವರು. ಹಳತು ಯಾವುದು ಎಂಬುದೇ ಅವರಿಗೆ ತಿಳಿಯದು. ಮುತ್ತಾತನ ಕೊಳಗದಲ್ಲಿ ನಿನ್ನೆ ರಾಗಿ ಅಳೆದಿರುತ್ತಾರೆ. ಅಜ್ಜಿಯ ಅಜ್ಜಿಯ ಹಂಡೆಯಲ್ಲಿ ಇವತ್ತು ನೀರು ಕಾದಿರುತ್ತದೆ. ನಾನು ಅದನ್ನು ‘ಚಾರಿತ್ರಿಕ’ ಎಂದರೆ, “ತೂತಾಗಿಲ್ಲ ಕಣ್ರೀ” ಎಂದು ಜಗಳಕ್ಕೇ ಬರುವರು.

ಇಂಥ ಅಲೆದಾಟದಲ್ಲೇ ನಾನು ಗುತ್ತಲಿನ ಪುಟ್ಟತಾಯಮ್ಮನ ಮನೆಗೆ ಹೋದದ್ದು. ಹಿತ್ತಾಳೆಯ ದೀಪ ಕೇಳಲು ಹೋದವನು ತಲೆಯೆತ್ತಿ ಅಟ್ಟದ ಮೇಲಿನ ತೊಟ್ಟಿಲು ಕಂಡು ದೀಪವನ್ನು ಮರೆತೆ. ಅಂಥ ಕೆತ್ತನೆ, ಅಂಥ ಅರಗಿನ ಬಣ್ಣ ನಾನು ಬೇರೆಲ್ಲೂ ನೋಡಿರಲಿಲ್ಲ. ಆಕೆ ಕೊಡುವುದಿಲ್ಲ ಎಂದೇ ತಿಳಿದಿದ್ದೆ. ಕೇಳಿದ ಕೂಡಲೇ ಮಗನನ್ನು ಕರೆದು ಕೆಳಗಿಳಿಸಿದಳು.

“ತಕ್ಕಂಡೋಗಿ ಮೇಸ್ಟ್ರೆ,” ಎಂದಳು. ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. “ಎಲ್ಡು ಕಿತ ಆಸೆಪಟ್ಟು ಕೆಳಕ್ಕಿಳಿಸ್ದೊ. ಎಲ್ಡು ಕಿತವೂ ಮೊಗ ತೊಟ್ಲಿಗೆ ಬೀಳೋ ಮುಂಚೇನೆ ಓಯ್ತು. ಈಗ ನಮ್ ಸೊಸೆ ದೇವೀರಿ ಮತ್ತೆ ಬಸ್ರಿ. ಈ ಕಿತ ಇದು ಅವಳ ಕಣ್ಗೆ ಬೀಳೋದೇ ಬ್ಯಾಡ. ಸಿವ ಕಣ್ ಬುಟ್ರೆ ನಾನೇ ಬಂದು ಒತ್ಕಂಡ್ ಓಯ್ತೀನಿ. ಅವತ್ತು ಮಾತ್ರ ಇಲ್ಲ ಅನ್ಬಾರ್ದು.”

ಇಲ್ಲ ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಗಾಡಿಗೆ ಏರಿಸುವಾಗ ಆಕೆ ಒಳಗಿನಿಂದ ಚಟ್ನಿ ಅರೆಯುವ ಗುಂಡುಕಲ್ಲನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಬರಿದೊಟ್ಟಿಲು ಊರ ಮುಂದೆ ಹೋಗಬಾರದಂತೆ, ಬರಿದೊಟ್ಟಿಲನ್ನು ತೂಗಬಾರದಂತೆ. ಮಗುವಿಗೆ ಮುಂಚೆ ಕಲ್ಲನ್ನು ಮಲಗಿಸಿದರೆ ಮಗು ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ಈ ಶಾಸ್ತ್ರ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಪ್ರದರ್ಶನ ಶುರುವಾಯಿತು. ವಸ್ತುವಿನ ಮುಂದೆ ಅದರ ಹೆಸರು, ಊರು ಬರೆದ ಚೀಟಿ. ಸುತ್ತ ತೆಂಗಿನ ನಾರಿನ ಹಗ್ಗ. ಹಗ್ಗಕ್ಕೆ ‘ಮುಟ್ಟಬಾರದು’ ಎಂಬ ರಟ್ಟು. ಜನ ಬಂದರು, ಬಂದವರೆಲ್ಲ ಮುಟ್ಟಿದರು. ಕಣ್ಣಿನಿಂದ ನೋಡುವುದು ನಮ್ಮವರಿಗೆ ನೋಡಿದಂತೆಯೇ ಅಲ್ಲ. ತಟ್ಟಬೇಕು, ಕೆರೆಯಬೇಕು, ಎತ್ತಿ ತೂಕ ನೋಡಬೇಕು, ಆಗದಿದ್ದರೆ ಮೂಸಿಯಾದರೂ ನೋಡಬೇಕು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಹೆಂಗಸರಿಗೆಂದು ಒಂದು ಮಧ್ಯಾಹ್ನ ಬೇರೆಯಾಗಿ ಇಟ್ಟಿದ್ದೆವು. ಅವರು ಬಂದು ಹಗ್ಗ ದಾಟಿ ಚನ್ನೆಮಣೆಯ ಮುಂದೆ ಕೂತು, ಹುಣಸೆಬೀಜ ತರಿಸಿಕೊಂಡು ಆಡತೊಡಗಿದವರು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ.

ಊರಾಚೆಯ ಕೇರಿಯ ಬೋರಯ್ಯ ಎಂಬ ಮುದುಕರು ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಬನ್ನಿ ಎಂದೆ. ರಟ್ಟು ತೋರಿಸಿ “ಅದೇನು ಬರ್ದವ್ರೆ ಬುದ್ಧಿ?” ಎಂದರು.

“ಮುಟ್ಟಬಾರದು ಅಂತ.”

“ನಮಗಾ?”

“ಎಲ್ಲರಿಗೂ.”

“ಗೌಡ್ರಿಗೂವೆ?”

“ಗೌಡರಿಗೂ.”

“ಸೇಕ್ದಾರ್ರಿಗೂವೆ?”

“ಅವರಿಗೂ ಅಷ್ಟೇ.”

ಬೋರಯ್ಯ ಒಳಗೆ ಬಂದು ಎದುರು ಗೋಡೆಗೆ ಒರಗಿ ಕೂತರು. ಯಾರಾದರೂ ಜರತಾರಿ ರುಮಾಲಿನವರು ಕೈ ಚಾಚುವುದು, ನಾನು “ಮುಟ್ಟಬೇಡಿ” ಎಂದು ಕಿರುಚುವುದು, ಅವರು ಬೆಚ್ಚಿ ಕೈ ಹಿಂದೆಳೆಯುವುದು. ಪ್ರತಿ ಸಲವೂ ಬೋರಯ್ಯನ ಮುಖ ಅರಳುತ್ತಿತ್ತು. ಸಂಜೆ ಎದ್ದು ಹೋಗುವಾಗ “ಬಾಳ ಚೆನ್ನಾಗದೆ ಬುದ್ಧಿ, ನಾಳೀಕೂ ಇರ್ತದಾ?” ಎಂದು ಕೇಳಿದರು. ನನ್ನ ಪ್ರದರ್ಶನವನ್ನು ಪೂರ್ತಿಯಾಗಿ ಮೆಚ್ಚಿದವರು ಅವರೊಬ್ಬರೇ.

ಚಿತ್ರಗಳ ವಿಭಾಗದಲ್ಲಿ ಹೆಚ್ಚಿನವು ನನ್ನವೇ. ಕೊಕ್ಕರೆ ಬೆಳ್ಳೂರಿಗೆ ಹೋಗಿ, ಹಕ್ಕಿಗಳ ಪಿಚಿಕೆಯಿಂದ ತಲೆ ಕಾಪಾಡಿಕೊಂಡು ಬರೆದ ಒಂದು ಜಲವರ್ಣದ ಮೇಲೆ ನನಗೆ ವಿಶೇಷ ಮಮತೆ. ಆ ಊರಿನವನೇ ಒಬ್ಬ ಬಂದು ಅದರ ಮುಂದೆ ನಿಂತ. ನಾನು ಹೊಗಳಿಕೆಗೆ ಸಿದ್ಧನಾಗಿ ಹತ್ತಿರ ಹೋದೆ. “ಅಲ್ಲಾ ಕಣ್ಲಾ,” ಎಂದು ಜೊತೆಯವನಿಗೆ ಹೇಳಿದ, “ನಮ್ಮೂರ್ ಕೊಕ್ರೆ ನೋಡಾಕೆ ನಾವು ಬಸ್ಸತ್ಕಂಡು ಮಂಡ್ಯಕ್ಕೆ ಬರ್ಬೇಕಾಗಿತ್ತಾ?” ಇಬ್ಬರೂ ನನ್ನ ಕಡೆ ಕನಿಕರದಿಂದ ನೋಡಿ ಹೊರಟುಹೋದರು.

ಇದೆಲ್ಲ ಸಹಿಸಬಹುದಾಗಿತ್ತು, ಸಾಹೇಬರು ಹೇಳಿದ ದಿನ ಬಂದಿದ್ದರೆ. ಅವರು ಬರಲಿಲ್ಲ, ತಂತಿ ಬಂತು. ಮುಂದಿನ ವಾರ ಬರುತ್ತಾರೆ. ಮುಂದಿನ ವಾರ ಇನ್ನೊಂದು ತಂತಿ. ಸುಬ್ಬರಾಯರು ಪ್ರತಿ ತಂತಿಗೂ ಪ್ರದರ್ಶನವನ್ನು ಮುಂದಕ್ಕೆ ಹಾಕಿದರು. ವಸ್ತುಗಳ ಯಜಮಾನರು ಮುಂದಕ್ಕೆ ಹೋಗಲು ಒಪ್ಪಬೇಕಲ್ಲ! ಮೊದಲು ಹೋದದ್ದು ಹಂಡೆ. ಅಳಿಯ ಬಂದಿದ್ದಾನೆ, ಎಣ್ಣೆನೀರು ಹಾಕಬೇಕು ಎಂದು ಪೇಟೆಯ ಶೆಟ್ಟರು ಆಳು ಕಳುಹಿಸಿದರು. “ಮುಂದಿನ ವಾರ ಸಾಹೇಬರು ಬರ್ತಾರೆ” ಎಂದೆ. “ಅಳಿಯ ಇವತ್ತೇ ಬಂದವ್ರೆ” ಎಂದ ಆಳು. ಇದಕ್ಕೆ ಯಾವ ಕಾರ್ಯದರ್ಶಿ ಉತ್ತರ ಕೊಡಬಲ್ಲ? ಕಣ ಶುರುವಾಯಿತೆಂದು ಕೊಳಗ ಹೋಯಿತು. ಲಗ್ನ ಗೊತ್ತಾಯಿತೆಂದು ಹಸೆಮಣೆ ಹೋಯಿತು. ಆತಗೂರಿನ ಕತ್ತಿಯನ್ನು ಕೊಟ್ಟವನು ಅಣ್ಣ. ಅದು ತನ್ನ ಪಾಲು ಎಂದು ತಮ್ಮ ಬಂದ. ಹಾಲಿನಲ್ಲೇ ಪಂಚಾಯಿತಿ ನಡೆದು, ಅಣ್ಣ ಕತ್ತಿ ಹಿಡಿದುಕೊಂಡು ಒಂದು ಬಾಗಿಲಿಂದ ಹೋದ, ತಮ್ಮ ಒರೆ ಹಿಡಿದುಕೊಂಡು ಇನ್ನೊಂದು ಬಾಗಿಲಿಂದ ಹೋದ. ಬೆಳಕವಾಡಿಯ ಅರ್ಚಕರು ತಮ್ಮ ಓಲೆಗರಿಯನ್ನು ಕಂಡವರ ಕಣ್ಣು ಬೀಳಬಾರದೆಂದು ಮಡಿವಸ್ತ್ರದಲ್ಲಿ ಗಂಟು ಕಟ್ಟಿಯೇ ಇಟ್ಟಿದ್ದರು. ಅಷ್ಟು ದಿನ ಜನ ನೋಡಿದ್ದು ಗಂಟನ್ನು. ಈಗ ಅದೂ ಹೋಯಿತು.

ಉಳಿದದ್ದು ತೊಟ್ಟಿಲು. ಪುಟ್ಟತಾಯಮ್ಮ ಇಟ್ಟ ಗುಂಡುಕಲ್ಲನ್ನು ನಾನು ಮೊದಲ ದಿನವೇ ತೆಗೆದು ಮೇಜಿನ ಕೆಳಗಿಟ್ಟಿದ್ದೆ. ತಿರುಗಿ ಬರುವುದರೊಳಗೆ ಯಾರೋ ಅಜ್ಜಿ ಅದನ್ನು ಮತ್ತೆ ತೊಟ್ಟಿಲಿಗೆ ಹಾಕಿ ನನಗೆ ಬೈದು ಹೋದಳು. ಮತ್ತೆ ತೆಗೆದೆ, ಮತ್ತೊಬ್ಬಳು ಹಾಕಿದಳು. ಕೊನೆಗೆ ಸೋತು ಬಿಟ್ಟುಬಿಟ್ಟೆ. ಬಿಟ್ಟದ್ದೇ ತಪ್ಪಾಯಿತು. ಒಬ್ಬಳು ಅದಕ್ಕೆ ಹರಳೆಣ್ಣೆ ಸವರಿದಳು. ಇನ್ನೊಬ್ಬಳು ಅರಿಶಿನ ಕುಂಕುಮ ಇಟ್ಟಳು. ಮಕ್ಕಳಿಲ್ಲದವರು ಬಂದು ಹೂವಿಟ್ಟು ಕೈಮುಗಿದರು. ಯಾರೋ ಪುಣ್ಯಾತ್ಮರು ಕುಲಾವಿಯನ್ನೂ ತೊಡಿಸಿದರು. ಸಾಹೇಬರ ಮೂರನೆಯ ತಂತಿ ಬರುವ ಹೊತ್ತಿಗೆ ಆ ಕಲ್ಲು ಎಣ್ಣೆ ಕುಡಿದು ಕರ್ರಗೆ ಮಿಂಚುತ್ತ ಯಾವ ಗುಡಿಯ ಮೂಲವಿಗ್ರಹಕ್ಕೂ ಕಡಿಮೆಯಿಲ್ಲದಂತೆ ಮಲಗಿತ್ತು.

ಅಷ್ಟರಲ್ಲಿ ಪುಟ್ಟತಾಯಮ್ಮ ಬಂದಳು. ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೂ ಹೋಯಿತೆಂದುಕೊಂಡೆ.

“ಗಂಡು ಮೊಗ ಮೇಸ್ಟ್ರೆ. ಚೆನ್ನಾಗವ್ನೆ. ಆಲು ಕುಡೀತಾನೆ, ಕಿರುಚ್ತಾನೆ. ಸುಕ್ರವಾರ ಸಂದೇಲಿ ತೊಟ್ಲಿಗೆ ಆಕಿ ಎಸ್ರು ಕರೀತೀವಿ. ಅವತ್ತು ಬತ್ತೀನಿ.”

ನನಗೆ ಎಷ್ಟು ಸಂತೋಷವಾಯಿತೆಂದರೆ, ಈಗಲೇ ಹೊತ್ತುಕೊಂಡು ಹೋಗಮ್ಮ ಎಂದುಬಿಟ್ಟೆ. ಹಾಲಿನ ಆ ತುದಿಯಿಂದ ಸುಬ್ಬರಾಯರು ಗುಡುಗಿದರು. “ಸಾಧ್ಯವೇ ಇಲ್ಲ! ಸಾಹೇಬರು ಶುಕ್ರವಾರ ಬೆಳಿಗ್ಗೆ ಬರ್ತಾರೆ. ಅವರಿಗೆ ಏನನ್ರೀ ತೋರಿಸೋದು, ನಿಮ್ಮ ಕೊಕ್ಕರೇನಾ?” ಎಲ್ಲ ಬಿಟ್ಟು ಶುಕ್ರವಾರವೇ ಬೇಕಿತ್ತೆ ಆ ಮನುಷ್ಯನಿಗೆ! ಬೆಳಿಗ್ಗೆ ತಾನೆ, ಸಂಜೆಗೆ ಒಯ್ಯಬಹುದು ಎಂದು ಸಮಾಧಾನ ಮಾಡಿದೆ. ಪುಟ್ಟತಾಯಮ್ಮ ಸುಬ್ಬರಾಯರನ್ನು ಮೇಲಿಂದ ಕೆಳಗೆ ನೋಡಿದಳು. “ಸಂದೆ ಒಳಗೆ ತೊಟ್ಲು ಕೊಡ್ದಿದ್ರೆ ಅದ್ರಲ್ಲಿ ನಿಮ್ ಸಾಯೇಬ್ರನ್ನೇ ಮಲಗಿಸ್ಕಳಿ” ಎಂದು ಹೊರಟಳು.

ಶುಕ್ರವಾರ ಬೆಳಿಗ್ಗೆ ಸಾಹೇಬರು ಬರಲಿಲ್ಲ. ಮಧ್ಯಾಹ್ನ ಬರಲಿಲ್ಲ. ಹಾರದ ಹೂವು ಬಾಡಿತು, ಸುಬ್ಬರಾಯರ ಕೋಟು ಬೆವರಿನಲ್ಲಿ ನೆನೆಯಿತು. ಬಿಸಿಲು ಇಳಿಯುವ ಹೊತ್ತಿಗೆ ಪುಟ್ಟತಾಯಮ್ಮ ನಾಲ್ಕು ಹೆಂಗಸರನ್ನು ಕರೆದುಕೊಂಡು, ತಲೆಯ ಮೇಲೆ ಸಿಂಬೆ ಇಟ್ಟುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಅವಳ ಬೆನ್ನಿಗೇ ಸಾಹೇಬರ ಕಾರು ಬಂದು ನಿಂತಿತು.

ಸಾಹೇಬರು ಸಜ್ಜನರು. ಆ ಸೆಕೆಯಲ್ಲೂ ಉಣ್ಣೆಯ ಕೋಟು ತೊಟ್ಟು, ಕೈಯಲ್ಲಿ ಭೂತಗನ್ನಡಿ ಹಿಡಿದಿದ್ದರು. ಸುಬ್ಬರಾಯರು ಖಾಲಿ ಮೇಜುಗಳ ಮುಂದೆ ಅವರನ್ನು ಮೆರವಣಿಗೆ ಮಾಡಿಸಿದರು. ‘ಕತ್ತಿ, ಆತಗೂರು’ ಎಂಬ ಚೀಟಿ ಮಾತ್ರವಿದ್ದ ಮೇಜಿನ ಮುಂದೆ ಸಾಹೇಬರು ನಿಂತು, ಚೀಟಿಯನ್ನು ಗಮನವಿಟ್ಟು ಓದಿ, “ಬಹಳ ಸ್ವಾರಸ್ಯ” ಎಂದರು. ಎಲ್ಲ ಚೀಟಿಗಳನ್ನೂ ಓದಿದರು. ಆಮೇಲೆ ತೊಟ್ಟಿಲ ಹತ್ತಿರ ಬಂದರು. ಸುತ್ತ ಒಮ್ಮೆ ನೋಡಿ, ಒಂದು ಬೆರಳೆತ್ತಿ ಹೇಳಿದರು.

“ಇದು ಇಲ್ಲಿರತಕ್ಕದ್ದಲ್ಲ. ಮೈಸೂರಿಗೆ ಕಳಿಸಿಕೊಡಿ.”

“ಅಪ್ಪಣೆ,” ಎಂದರು ಸುಬ್ಬರಾಯರು. ನಾನು “ಅದು ಹಾಗಲ್ಲ, ಇವತ್ತು ಸಂಜೆ ಒಂದು ಮಗು...” ಎನ್ನುವಷ್ಟರಲ್ಲಿ ನನ್ನ ಕಾಲು ತುಳಿದರು. ನಾನು ಬಾಗಿಲ ಕಡೆ ನೋಡಿದೆ. ಅಷ್ಟು ಬಾಯಿಜೋರಿನ ಹೆಂಗಸು ತಲೆಯ ಮೇಲಿನ ಸಿಂಬೆಯನ್ನು ಕೈಗೆ ತೆಗೆದುಕೊಂಡು ಹಿಂಡುತ್ತಿದ್ದಳು. ಕೊಠಡಿ ಹಾಳಾಗಿ ಹೋಗಲಿ, ಇವತ್ತು ಇಬ್ಬರಿಗೂ ಬಿಸಿಬಿಸಿಯಾಗಿ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

ಆಗ ಸಾಹೇಬರು ತೊಟ್ಟಿಲೊಳಕ್ಕೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಭೂತಗನ್ನಡಿ ಹಿಡಿದರು, ಕುಲಾವಿಯನ್ನು ಎರಡು ಬೆರಳಿನಲ್ಲಿ ಸರಿಸಿದರು. “ಇದು ಯಾವ ದೇವತೆ?” ಎಂದು ಪಿಸುಗುಟ್ಟಿದರು.

ಜನ್ಮದಲ್ಲಿ ಅಡುಗೆಮನೆಯ ಹೊಸಿಲು ದಾಟದ ಇಬ್ಬರು ಗಂಡಸರು ಗುಂಡುಕಲ್ಲಿನ ಎದುರು ನಿಂತರೆ ಏನಾಗಬೇಕೋ ಅದೇ ಆಯಿತು. ಸುಬ್ಬರಾಯರು ಗಂಟಲು ಸರಿಮಾಡಿಕೊಂಡು, “ಗಂಗರ ಕಾಲದ್ದು ಅಂತ ಪ್ರತೀತಿ” ಎಂದರು.

“ಹಾಗಾದರೆ ತೊಟ್ಟಿಲು ಬೇಡ. ಬರೀ ಮರಗೆಲಸ, ಎಲ್ಲ ಕಡೆ ಇದೆ. ಈ ಶಿಲೆ ಸಾಕು. ಕಾರಿನಲ್ಲಿ ಹಿಡಿಸುತ್ತದೆ.”

ತೆರೆದಿದ್ದ ನನ್ನ ಬಾಯಿ ಹಾಗೆಯೇ ಇತ್ತು. ಪುಟ್ಟತಾಯಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ಗದರಿದಳು. ಬಾಯಿ ಮುಚ್ಚಿದೆ. ಅವಳು ಹಗ್ಗ ದಾಟಿ ಬಂದು 'ಮುಟ್ಟಬಾರದು' ಎಂಬ ರಟ್ಟಿನ ಎದುರಿಗೇ ಕಲ್ಲನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಸಾಹೇಬರ ಎರಡೂ ಕೈಗಳಲ್ಲಿ ಇಟ್ಟಳು. “ತಕಳಿ ಬುದ್ಧಿ. ಬಾಳ ಸತ್ಯವಂತ ಕಲ್ಲು. ಮಡಿಯಾಗ್ ಮಡಿಕಳಿ” ಎಂದಳು. ಕಾರು ರಸ್ತೆಯ ತಿರುವು ದಾಟುವ ಮುಂಚೆ ತೊಟ್ಟಿಲು ಅವಳ ತಲೆಯ ಮೇಲಿತ್ತು.

ಇಲ್ಲಿಗೆ ಮುಗಿಯಿತೆಂದು ಉಸಿರು ಬಿಟ್ಟರೆ ಮುಗಿಯಬೇಡವೆ? ನಾನೂ ಸೈಕಲ್ ತುಳಿದು ಅವಳ ಹಿಂದೆ ಹೋಗಿದ್ದೆ. ಗುತ್ತಲಿನಲ್ಲಿ ತೊಟ್ಟಿಲು ಕಟ್ಟಿ, ಹೆಂಗಸರು ಸುತ್ತ ನಿಂತ ಮೇಲೆ ಯಾರೋ “ಕಲ್ಲೆಲ್ಲಿ?” ಎಂದರು. ಎಲ್ಲರೂ ನನ್ನ ಕಡೆ ನೋಡಿದರು.

“ನೀನೇ ಕೊಟ್ಟೆಯಲ್ಲಮ್ಮ!” ಎಂದೆ.

“ತಕ್ಕಂಡೋಗಿದ್ದು ನಿಮ್ ಸಾಯೇಬ್ರು ತಾನೆ? ತನ್ನಿ ಒಂದ. ಒತ್ತು ಮುಳುಗ್ತಾ ಅದೆ.”

ಇವರ ಹತ್ತಿರ ನ್ಯಾಯ ಮಾತಾಡಿ ಗೆದ್ದವರುಂಟೆ? ಸೈಕಲ್ ಹತ್ತಿ ಮನೆಗೆ ಓಡಿದೆ. ನನ್ನ ಹೆಂಡತಿ ಚಟ್ನಿ ಅರೆಯುತ್ತಿದ್ದಳು. ಏನು, ಎತ್ತ ಎಂದು ಕೇಳುವುದರೊಳಗೆ ಅವಳ ಕೈಯಿಂದ ಗುಂಡುಕಲ್ಲು ಕಿತ್ತುಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಪಂಚೆಗೆ ಕೊಬ್ಬರಿ, ಹಸಿಮೆಣಸಿನಕಾಯಿ. ಕಲ್ಲನ್ನು ತೊಳೆದು ಮಲಗಿಸಿದರು, ಆಮೇಲೆ ಮಗುವನ್ನು ಮಲಗಿಸಿದರು. ಮುಂಚಿನ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ಚೆಂದದ ಹೆಸರಿಡುವುದಿಲ್ಲ, ದೃಷ್ಟಿಯಾಗುತ್ತದೆಂದು. ಸೋದರತ್ತೆ ಬಗ್ಗಿ ಕಿವಿಯಲ್ಲಿ “ಕಲ್ಲಯ್ಯ” ಎಂದು ಕರೆದಳು. ಕಲ್ಲಯ್ಯ ಸೂರು ಹಾರುವಂತೆ ಕಿರುಚಿದ. ಅದುವರೆಗೆ ಯಾರ ಎದುರಿಗೂ ದನಿಯೆತ್ತಿರದ ದೇವೀರಿ ಹೆಂಗಸರನ್ನು ತಳ್ಳಿಕೊಂಡು ಬಂದು ಮಗುವನ್ನು ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ನಾನು ಹಾಲಿನಲ್ಲಿ ಮೊಳೆ ಕೀಳುತ್ತಿದ್ದೆ. ಸಾಹೇಬರು ಕಲ್ಲಿನ ಸಂಭ್ರಮದಲ್ಲಿ ಕೊಠಡಿಯ ಮಾತನ್ನೇ ಮರೆತು ಹೋಗಿದ್ದರು. ಅಲ್ಲಿ ಈಗ ಬೀದಿ ಗುಡಿಸುವ ಪೊರಕೆಗಳಿವೆ. ತಲೆಯೆತ್ತಿದರೆ ಬಾಗಿಲಲ್ಲಿ ಪುಟ್ಟತಾಯಮ್ಮ, ಅವಳ ತಲೆಯ ಮೇಲೆ ತೊಟ್ಟಿಲು.

“ಇದ್ಯಾಕಮ್ಮ ಮತ್ತೆ ತಂದೆ?” ಎಂದು ಕಿರುಚಿದೆ. “ಪ್ರದರ್ಶನ ಮುಗೀತು! ಮೊದಲು ನನ್ನ ಹೆಂಡತಿಯ ಕಲ್ಲು ಕೊಡು!”

“ಕಲ್ಲು ಮೊಗಿನ ಪಕ್ಕದಲ್ಲದೆ, ಅದ ಕೊಡಾಕಿಲ್ಲ. ತೊಟ್ಲ ಮಡಿಕಳಿ. ರಾತ್ರೆಲ್ಲ ಮೊಗವ ಎತ್ಕಂಡೇ ಕೂತವ್ಳೆ ನಮ್ಮುಡ್ಗಿ. ಕೆಳಕ್ಕೆ ಮಡಗಾಕೇ ಒಲ್ಲೆ ಅಂತಾಳೆ. ಬರಿದೊಟ್ಲು ಮನೇಲಿದ್ರೆ ನೋಡಾಕಾಗಾಕಿಲ್ವಂತೆ.” ತೊಟ್ಟಿಲನ್ನು ನನ್ನ ಮುಂದಿಟ್ಟು, “ಅವ್ಳು ಇಳಿಸೋ ತನ್ಕ ನಿಮ್ಮತ್ರ ಇರ್ಲಿ” ಎಂದಳು.

ತೊಟ್ಟಿಲು ನಮ್ಮ ಮನೆಯ ನಡುವೆ ಬಂದು ಕೂತಿತು. ಕತ್ತಲಲ್ಲಿ ಎಷ್ಟು ಸಲ ಎಡವಿದೆನೋ, ಹೆಂಡತಿ ಎಷ್ಟು ಸಲ ಕಲ್ಲಿನ ಮಾತೆತ್ತಿದಳೋ ಹೇಳಲಾರೆ. ದೇವೀರಿ ಮಗುವನ್ನು ಕೆಳಗಿಳಿಸಲಿಲ್ಲ. ಗದ್ದೆಗೆ ಹೋದರೆ ಬೆನ್ನಿಗೆ ಕಟ್ಟಿಕೊಂಡಳು, ಮನೆಯಲ್ಲಿದ್ದರೆ ತೊಡೆಯ ಮೇಲೆ ಮಲಗಿಸಿಕೊಂಡಳು. ಕೊನೆಗೆ ಅವನು ತಾನಾಗಿಯೇ ಇಳಿದ. ಇಳಿದವನು ನಡೆದ.

ಆಗ ಬಂದಳು ಪುಟ್ಟತಾಯಮ್ಮ ತೊಟ್ಟಿಲು ಕೇಳಿಕೊಂಡು, ಮೊಮ್ಮಗನ ಕೈ ಹಿಡಿದು ನಡೆಸಿಕೊಂಡು. ಕಲ್ಲಯ್ಯ ನಮ್ಮ ಹೊಸಿಲನ್ನು ಅಂಬೆಗಾಲಿನಲ್ಲಿ ದಾಟಿ, ಎದ್ದು ನಿಂತು, ನೇರವಾಗಿ ತೊಟ್ಟಿಲಿಗೆ ಹೋದ. ತೊಟ್ಟಿಲ ಒಂದು ಮೂಲೆಯಲ್ಲಿ ಕೆತ್ತಿದ ಮರದ ಗಿಳಿಯಿತ್ತು. ಅದರ ಕೊಕ್ಕನ್ನು ಹಿಡಿದು ಜಗ್ಗಿದ, ಜೋತುಬಿದ್ದ, ಲಟಕ್ಕೆಂದು ಮುರಿದು ಬಾಯಿಗೆ ಹಾಕಿಕೊಂಡ. ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಕೆತ್ತನೆ! “ಅಯ್ಯೋ, ಹಿಡಿಯಮ್ಮ ಅವನನ್ನ, ಹಾಳು ಮಾಡಿದ!” ಎಂದು ಕೂಗಿಕೊಂಡೆ.

ಪುಟ್ಟತಾಯಮ್ಮ ಕದಲಲಿಲ್ಲ. ಗೋಡೆಗೆ ಒರಗಿ, ಎರಡು ಕೈಯನ್ನೂ ಸೊಂಟಕ್ಕಿಟ್ಟು, ಅವನನ್ನೇ ನೋಡುತ್ತ ನಿಂತಿದ್ದಳು.

“ಮುರೀಲಿ ಬುಡಿ ಮೇಸ್ಟ್ರೆ,” ಎಂದಳು. “ಮುರಿಯೋರು ಇಲ್ದೇ ತಾನೆ ಅದು ಇಷ್ಟ್ ದಿನ ಅಷ್ಟ್ ಚೆನ್ನಾಗಿದ್ದುದ್ದು.”